ಕೋಳಿಯ ಕರುಳಿಗೆ ತಟ್ಟುವ ಬಿಸಿಲು

ಕೋಳಿ ಬೆವರುವುದಿಲ್ಲ. ಅದರ ಚರ್ಮದಲ್ಲಿ ಬೆವರಿನ ಗ್ರಂಥಿಗಳೇ ಇಲ್ಲ. ಮೈಶಾಖ 41ರಿಂದ 42 ಡಿಗ್ರಿ ಸೆಲ್ಸಿಯಸ್ ಇರುವ ಈ ಹಕ್ಕಿ ಏಪ್ರಿಲ್, ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಹುಮನಾಬಾದ್ ಸುತ್ತಲಿನ ಜಂಬಿಟ್ಟಿಗೆ ನೆಲದಲ್ಲೋ ಬಸವಕಲ್ಯಾಣದ ಕರಿಮಣ್ಣಿನ ಸೀಮೆಯಲ್ಲೋ ತಗಡಿನ ಶೆಡ್ಡಿನೊಳಗೆ ನಿಂತಿರುತ್ತದೆ. ಹೊರಗಿನ ಗಾಳಿ 40 ಡಿಗ್ರಿ ದಾಟಿತೆಂದರೆ ಹಕ್ಕಿಯ ಮೈಗೂ ಗಾಳಿಗೂ ನಡುವಿನ ಅಂತರ ಹೆಚ್ಚುಕಡಿಮೆ ಅಳಿಸಿಹೋಯಿತು. ಆಗ ಮೈಯ ಬಿಸಿ ಹೊರಗೆ ಹರಿಯದು. ಬಾಯಿ ತೆರೆದು, ರೆಕ್ಕೆ ಇಳಿಬಿಟ್ಟು ಏದುಸಿರು ಬಿಡುವುದೊಂದೇ ಅದಕ್ಕೆ ಉಳಿಯುವ ದಾರಿ.

ಈ ಏದುಸಿರು ಎಲ್ಲರ ಕಣ್ಣಿಗೂ ಬೀಳುತ್ತದೆ. ಕರುಳಿನಲ್ಲಿ ನಡೆಯುವುದು ಯಾರಿಗೂ ಕಾಣದು. ಬಿಸಿ ಹೊರಹಾಕಲೆಂದು ದೇಹ ರಕ್ತವನ್ನು ಚರ್ಮದ ಕಡೆಗೆ, ಜುಟ್ಟು ಮತ್ತು ಗಲ್ಲದ ಜೋಲಿನ ಕಡೆಗೆ ತಿರುಗಿಸುತ್ತದೆ. ಅಷ್ಟು ರಕ್ತ ಎಲ್ಲಿಂದ ಬರಬೇಕು? ಕರುಳಿನಿಂದಲೇ. ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಐದರಲ್ಲೊಂದು ಪಾಲು ಬೇಡುವ ಅಂಗಕ್ಕೆ ಮಧ್ಯಾಹ್ನವಿಡೀ ಆಮ್ಲಜನಕದ ಕೊರತೆ. ಸಂಜೆ ತಂಪಾದಾಗ ರಕ್ತ ಒಮ್ಮೆಲೇ ಮರಳಿ ನುಗ್ಗುತ್ತದೆ. ಕೊರತೆಗಿಂತ ಹೆಚ್ಚು ಹಾನಿ ಮಾಡುವುದು ಈ ಮರಳುವಿಕೆಯೇ. ಬರಗೆಟ್ಟಿದ್ದ ಜೀವಕೋಶಗಳಿಗೆ ಆಮ್ಲಜನಕ ತಲುಪಿದೊಡನೆ ಅದರ ಒಂದು ಪಾಲು ಚಂಚಲವಾದ, ಸಿಕ್ಕಿದ್ದನ್ನು ಕಚ್ಚುವ ಅಣುಗಳಾಗಿ ಬದಲಾಗುತ್ತದೆ. ಸೂಪರ್‌ಆಕ್ಸೈಡ್, ಹೈಡ್ರೊಜನ್ ಪೆರಾಕ್ಸೈಡ್, ಕಬ್ಬಿಣದ ನಂಟು ದೊರೆತರೆ ಎಲ್ಲಕ್ಕಿಂತ ಕ್ರೂರವಾದ ಹೈಡ್ರಾಕ್ಸಿಲ್. ಇವು ಮೊದಲು ಹಿಡಿಯುವುದು ಜೀವಕೋಶದ ಪೊರೆಯಲ್ಲಿರುವ ಕೊಬ್ಬನ್ನು. ದೀಪಾವಳಿಗೆ ಕರಿದ ಎಣ್ಣೆಯನ್ನು ಯುಗಾದಿಯವರೆಗೆ ಇಟ್ಟರೆ ಬರುವ ಕಮಟು ಯಾವ ಕ್ರಿಯೆಯಿಂದಲೋ, ಪೊರೆಯಲ್ಲಿ ನಡೆಯುವುದೂ ಅದೇ ಕ್ರಿಯೆ. ಒಂದು ಕೊಬ್ಬಿನ ಅಣು ಕೆಟ್ಟರೆ ಅದು ಪಕ್ಕದ್ದನ್ನು ಕೆಡಿಸುತ್ತದೆ, ಅದು ಮತ್ತೊಂದನ್ನು.

ಈ ಅಣುಗಳು ಹುಟ್ಟುವುದು ಬಿಸಿಲಿಗೆ ಮಾತ್ರವೆಂದಲ್ಲ. ಉಸಿರಾಡುವ ಪ್ರತಿ ಜೀವಕೋಶದ ಮೈಟೊಕಾಂಡ್ರಿಯದಲ್ಲೂ ಅಷ್ಟಿಷ್ಟು ಸದಾ ಹುಟ್ಟುತ್ತಿರುತ್ತವೆ. ರಕ್ತದ ಕಾವಲು ಕಣಗಳು ರೋಗಾಣುಗಳನ್ನು ಕೊಲ್ಲಲು ಇವನ್ನೇ ಬಳಸುತ್ತವೆ. ಹುಟ್ಟುವ ವೇಗ ನಂದಿಸುವ ವೇಗವನ್ನು ಮೀರಿದಾಗಷ್ಟೇ ತೊಂದರೆ. 1985ರಲ್ಲಿ ಜರ್ಮನಿಯ ಹೆಲ್ಮಟ್ ಸೀಸ್ ಈ ಅಸಮತೋಲಕ್ಕೆ ಉತ್ಕರ್ಷಣದ ಒತ್ತಡ, ಅಂದರೆ ಆಕ್ಸಿಡೇಟಿವ್ ಸ್ಟ್ರೆಸ್ ಎಂಬ ಹೆಸರನ್ನು ರೂಢಿಗೆ ತಂದರು.

ಕರುಳಿಗೆ ಇದರಿಂದ ಬೀಳುವ ಪೆಟ್ಟು ಎರಡು ಬಗೆಯದು. ಒಳಗೋಡೆಯ ತುಂಬ ಬೆರಳಿನಂತೆ ಚಾಚಿರುವ ವಿಲ್ಲಸ್‌ಗಳು ಕುಗ್ಗುತ್ತವೆ, ಹೀರುವ ಮೇಲ್ಮೈ ಕಡಿಮೆಯಾಗುತ್ತದೆ. ಕೋಳಿ ತಿಂದಷ್ಟು ತೂಕ ಬರುವುದಿಲ್ಲ, ಹಿಕ್ಕೆ ನೀರಾಗುತ್ತದೆ, ಅರಗದ ಕಾಳು ಅದರಲ್ಲೇ ಕಾಣುತ್ತದೆ. ಇನ್ನೊಂದು ಪೆಟ್ಟು ಇದಕ್ಕಿಂತ ಕೆಟ್ಟದ್ದು. ಒಂದು ಜೀವಕೋಶವನ್ನು ಇನ್ನೊಂದಕ್ಕೆ ಬಿಗಿದಿಡುವ ಆಕ್ಲುಡಿನ್, ಕ್ಲಾಡಿನ್ ಎಂಬ ಪ್ರೋಟೀನುಗಳ ಹೊಲಿಗೆ ಸಡಿಲಾಗುತ್ತದೆ. ಕರುಳಿನೊಳಗೆ ಇದ್ದುಕೊಂಡಷ್ಟು ಕಾಲ ಯಾರಿಗೂ ಕೇಡು ಮಾಡದ ಬ್ಯಾಕ್ಟೀರಿಯಾಗಳ ವಿಷದ ತುಣುಕುಗಳು ಆ ಸಂದಿನಿಂದ ರಕ್ತಕ್ಕೆ ಸೋರುತ್ತವೆ. ಉರಿಯೂತ ಏಳುತ್ತದೆ, ಉರಿಯೂತ ಮತ್ತಷ್ಟು ಚಂಚಲ ಅಣುಗಳನ್ನು ಹುಟ್ಟಿಸುತ್ತದೆ. ಕರುಳಿನ ಮೇಲ್ಪದರ ಎರಡರಿಂದ ನಾಲ್ಕು ದಿನಕ್ಕೊಮ್ಮೆ ಪೂರ್ತಿ ಹೊಸದಾಗುವ ಅಂಗಾಂಶ. ಬೇಗ ಚೇತರಿಸಿಕೊಳ್ಳುವ ಶಕ್ತಿಯೂ ಬೇಗ ಕೆಡುವ ಗುಣವೂ ಅದಕ್ಕೆ ಅಲ್ಲಿಂದಲೇ ಬಂದವು.

ಇಂದಿನ ಬ್ರಾಯ್ಲರ್‌ಗೆ ಇದು ಹಿಂದಿನ ಕೋಳಿಗಿಂತ ಕಠಿಣ. ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ 1957ರ ತಳಿಯನ್ನೂ 2005ರ ತಳಿಯನ್ನೂ ಒಂದೇ ಆಹಾರ ಕೊಟ್ಟು ಅಕ್ಕಪಕ್ಕ ಸಾಕಿ ನೋಡಿದರು. 56ನೇ ದಿನಕ್ಕೆ ಹಳೆಯದು ಸುಮಾರು 900 ಗ್ರಾಂ ತೂಗಿತು, ಹೊಸದು 4.2 ಕಿಲೊ. ಇಷ್ಟು ಬೆಳೆಯಲು ಪ್ರತಿ ಜೀವಕೋಶವೂ ಎಡೆಬಿಡದೆ ಉರಿಯಬೇಕು, ಉರಿದಷ್ಟೂ ಕಿಡಿ ಹಾರುತ್ತದೆ. ಹನ್ನೆರಡನೇ ಶತಮಾನದಲ್ಲಿ ಇದೇ ಬಸವಕಲ್ಯಾಣದಿಂದ ಆಳಿದ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಗ್ರಂಥದಲ್ಲಿ ಹುಂಜದ ಕಾಳಗಕ್ಕೇ ಒಂದು ವಿನೋದ ಮೀಸಲಾಗಿದೆ. ಆ ಹುಂಜಗಳಿಗೂ ಇದೇ ಬಿಸಿಲು ಇತ್ತು. ಆದರೆ ಮರದ ನೆರಳಿತ್ತು, ಸೊಪ್ಪು, ಹುಳುಹುಪ್ಪಟೆ ಇತ್ತು, ಆರು ವಾರಕ್ಕೆ ಎರಡು ಕಿಲೊ ಮುಟ್ಟಬೇಕೆಂಬ ಧಾವಂತ ಇರಲಿಲ್ಲ. ಹಿತ್ತಲಲ್ಲಿ ಓಡಾಡುವ ಊರಕೋಳಿ ಇವತ್ತಿಗೂ ಮೇ ತಿಂಗಳನ್ನು ಬ್ರಾಯ್ಲರ್‌ಗಿಂತ ಹಗುರಾಗಿ ದಾಟುತ್ತದೆ. ಅದಕ್ಕೆ ಕಾರಣ ಪವಾಡವಲ್ಲ. ಅದು ಮೆಲ್ಲಗೆ ಬೆಳೆಯುತ್ತದೆ.

ಈ ಚಂಚಲ ಅಣುಗಳನ್ನು ನಂದಿಸುವ ಪೋಷಕಾಂಶಗಳ ಮಾತಿಗೆ ಬಂದರೆ, ಈ ವಿಷಯದ ಅರ್ಧ ಚರಿತ್ರೆಯನ್ನು ಕೋಳಿಮರಿಗಳೇ ಬರೆದಿವೆ ಎನ್ನಬೇಕು. ವಿಟಮಿನ್ ಇ 1922ರಲ್ಲಿ ಇಲಿಗಳ ಸಂತಾನಶಕ್ತಿಯ ಪರೀಕ್ಷೆಯಲ್ಲಿ ಇವಾನ್ಸ್ ಮತ್ತು ಬಿಷಪ್ ಅವರಿಗೆ ಸಿಕ್ಕಿತು. ಅದರ ನಿಜವಾದ ಕಸುಬು ತಿಳಿಯತೊಡಗಿದ್ದು ಕೋಳಿಮರಿಗಳಲ್ಲಿ. 1931ರಲ್ಲಿ ಪ್ಯಾಪನ್‌ಹೈಮರ್ ಮತ್ತು ಗೋಟ್ಷ್ ಒಂದು ವಿಚಿತ್ರ ಕಾಯಿಲೆಯನ್ನು ವಿವರಿಸಿದರು. ಆಹಾರದ ದೋಷದಿಂದ ಮರಿಗಳ ಮಿದುಳು ಮೆತ್ತಗಾಗಿ ಅವು ತಲೆ ತಿರುಚಿಕೊಂಡು ಬೀಳುತ್ತಿದ್ದವು. ಕೊರತೆ ವಿಟಮಿನ್ ಇಯದೆಂದು ಆಮೇಲೆ ಗೊತ್ತಾಯಿತು. ಸೆಲೆನಿಯಂ ಕಥೆ ಇನ್ನೂ ಸ್ವಾರಸ್ಯದ್ದು. 1950ರ ದಶಕದವರೆಗೆ ಅದು ಜಾನುವಾರುಗಳ ಗೊರಸು ಕಳಚಿಸುವ ವಿಷವೆಂದೇ ಹೆಸರಾಗಿತ್ತು. 1957ರಲ್ಲಿ ಶ್ವಾರ್ಟ್ಸ್ ಮತ್ತು ಫೋಲ್ಟ್ಸ್ ಇಲಿಗಳ ಯಕೃತ್ತು ಕೊಳೆಯದಂತೆ ಕಾಯುವ ಅಂಶ ಇದೇ ಎಂದು ತೋರಿಸಿದರು. ಅದೇ ವರ್ಷ, ಚರ್ಮದಡಿ ಹಸಿರು ನೀರು ತುಂಬಿ ಸಾಯುವ ಕೋಳಿಮರಿಗಳನ್ನು ಚಿಟಿಕೆಗಿಂತ ಕಡಿಮೆ ಸೆಲೆನಿಯಂ ಉಳಿಸುತ್ತದೆಂದು ಇನ್ನೊಂದು ತಂಡ ಕಂಡಿತು. ಯಾಕೆಂಬುದು ತಿಳಿಯಲು 1973ರವರೆಗೆ ಕಾಯಬೇಕಾಯಿತು: ಪೆರಾಕ್ಸೈಡನ್ನು ನೀರಾಗಿಸುವ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವದ ನಡುವೆ ಕೂತಿರುವುದೇ ಸೆಲೆನಿಯಂ. ಮರುವರ್ಷ ಅಮೆರಿಕ ಕೋಳಿ ಆಹಾರಕ್ಕೆ ಅದನ್ನು ಸೇರಿಸಲು ಒಪ್ಪಿಗೆ ಕೊಟ್ಟಿತು. ಅಲ್ಲಿ ಇಂದಿಗೂ ಸೇರಿಸಬಹುದಾದ ಮಿತಿ ಕಿಲೊ ಆಹಾರಕ್ಕೆ 0.3 ಮಿ.ಗ್ರಾಂ. ಕೊರತೆಗೂ ವಿಷಕ್ಕೂ ನಡುವಿನ ದಾರಿ ಇಷ್ಟು ಇಕ್ಕಟ್ಟಾಗಿರುವ ಪೋಷಕಾಂಶ ಬೇರೆ ಹೆಚ್ಚಿಲ್ಲ. 5 ಮಿ.ಗ್ರಾಂ ಮುಟ್ಟಿದರೆ ಮೊಟ್ಟೆಯೊಳಗಿನ ಮರಿ ವಿಕಾರಗೊಳ್ಳುತ್ತದೆ.

ಇವೆಲ್ಲ ಒಂದೊಂದೇ ಕೆಲಸ ಮಾಡುವುದಿಲ್ಲ ಎಂಬುದನ್ನು ಮಾರಾಟದ ಕರಪತ್ರಗಳು ಮರೆಸುತ್ತವೆ. ಪೊರೆಯ ಕೊಬ್ಬಿನಲ್ಲಿ ವಿಟಮಿನ್ ಇ ಕೂತಿರುತ್ತದೆ. ಸರಪಳಿಯಂತೆ ಹಬ್ಬುವ ಕೇಡನ್ನು ತನ್ನ ಮೇಲೆ ಎಳೆದುಕೊಂಡು ತಾನು ಕೆಡುತ್ತದೆ. ಕೆಟ್ಟದ್ದನ್ನು ವಿಟಮಿನ್ ಸಿ ಮತ್ತೆ ಸರಿಪಡಿಸುತ್ತದೆ, ಅದರ ಹಿಂದೆ ಗ್ಲುಟಾಥಯೋನ್ ನಿಂತಿದೆ. ಸೂಪರ್‌ಆಕ್ಸೈಡನ್ನು ನಂದಿಸುವ ಕಿಣ್ವವನ್ನು 1969ರಲ್ಲಿ ಮೆಕ್‌ಕಾರ್ಡ್ ಮತ್ತು ಫ್ರಿಡೊವಿಚ್ ಗುರುತಿಸಿದರು. ಅದಕ್ಕೆ ಜೀವಕೋಶದ ರಸದಲ್ಲಿ ತಾಮ್ರ ಮತ್ತು ಸತು ಬೇಕು, ಮೈಟೊಕಾಂಡ್ರಿಯದೊಳಗೆ ಮ್ಯಾಂಗನೀಸ್ ಬೇಕು. ಅದು ಬಿಟ್ಟುಹೋಗುವ ಪೆರಾಕ್ಸೈಡನ್ನು ಕಬ್ಬಿಣವುಳ್ಳ ಕ್ಯಾಟಲೇಸೋ ಸೆಲೆನಿಯಂ ಕಿಣ್ವವೋ ಎತ್ತಿಕೊಳ್ಳಬೇಕು. ನಡುವಿನ ಒಬ್ಬ ಕೈಕೊಟ್ಟರೂ ಉಳಿದವರ ಮೇಲೆ ಹೊರೆ. ಹಕ್ಕಿಗಳಿಗೆ ಇನ್ನೊಂದು ಬಲವೂ ಉಂಟು: ಅವುಗಳ ರಕ್ತದಲ್ಲಿ ಸದಾ ಹೆಚ್ಚಾಗಿರುವ ಯೂರಿಕ್ ಆಮ್ಲವೇ ಒಂದು ಉತ್ಕರ್ಷಣ ನಿರೋಧಕ. ನಮಗೆ ಕೀಲುನೋವು ತರುವುದು ಕೋಳಿಗೆ ಕವಚ.

ವಿಟಮಿನ್ ಇ ಎಷ್ಟು ಕೊಡಬೇಕು ಎಂಬುದು ಹಳೆಯ ಜಗಳ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 1994ರ ಪಟ್ಟಿ ಬ್ರಾಯ್ಲರ್‌ಗೆ ಕಿಲೊ ಆಹಾರಕ್ಕೆ 10 ಅಂತಾರಾಷ್ಟ್ರೀಯ ಘಟಕ ಸಾಕೆನ್ನುತ್ತದೆ. ಕೊರತೆಯ ರೋಗ ಬಾರದಿರಲು ಅಷ್ಟು ಸಾಕು, ಮೇ ತಿಂಗಳು ದಾಟಲು ಸಾಲದು. ತಳಿ ಕಂಪನಿಗಳ ಕೈಪಿಡಿಗಳು ಅದರ ಹಲವು ಪಟ್ಟು ಹೇಳುತ್ತವೆ. ಬಿಸಿಲಿಗೆ ಬಳಲಿದ ಮೊಟ್ಟೆಕೋಳಿಗಳ ಮೇಲೆ ಬ್ರಿಟನ್ನಿನಲ್ಲಿ 1990ರ ದಶಕದ ಕೊನೆಗೆ ನಡೆದ ಪರೀಕ್ಷೆಗಳಲ್ಲಿ ಕಿಲೊಗೆ 250 ಮಿ.ಗ್ರಾಂ ಒಳ್ಳೆಯ ಫಲ ಕೊಟ್ಟಿತು. ಟರ್ಕಿಯ ಫಿರಾತ್ ವಿಶ್ವವಿದ್ಯಾಲಯದ ಕಾಜಿಂ ಶಾಹಿನ್ ಮತ್ತು ಸಂಗಡಿಗರು ಇದೇ ಬಗೆಯ ಪ್ರಮಾಣದ ವಿಟಮಿನ್ ಇ ಜೊತೆಗೆ ವಿಟಮಿನ್ ಸಿ, ಸತು ಮುಂತಾದವನ್ನು ಕೊಟ್ಟು ಲಾವುಗೆಗಳಲ್ಲಿ, ಬ್ರಾಯ್ಲರ್‌ಗಳಲ್ಲಿ ವರ್ಷಗಟ್ಟಲೆ ಪರೀಕ್ಷಿಸಿದರು. ಎರಡನ್ನು ಕೂಡಿಸಿ ಕೊಟ್ಟಾಗ ಒಂದೊಂದೇ ಕೊಟ್ಟದ್ದಕ್ಕಿಂತ ಮೇಲು ಎಂಬುದು ಅವರ ಕೆಲಸದಿಂದ ಪದೇ ಪದೇ ಹೊರಟ ಮಾತು. ಹಾಗೆಂದು ಸುರಿಯುತ್ತ ಹೋಗುವಂತಿಲ್ಲ. ವಿಟಮಿನ್ ಇ ಅತಿಯಾದರೆ ಕೊಬ್ಬಿನಲ್ಲಿ ಕರಗುವ ಉಳಿದ ಮೂರು ವಿಟಮಿನ್ನುಗಳಾದ ಎ, ಡಿ, ಕೆಗಳ ದಾರಿಗೆ ಅಡ್ಡ ನಿಲ್ಲುತ್ತದೆ.

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿಯಿದೆ, ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಅಲ್ಲೇ. ಫೀಡಿಗೆ ಹಾಕುವ ವಿಟಮಿನ್ ಇ ಬರಿಯ ರೂಪದಲ್ಲಿ ಇರುವುದಿಲ್ಲ. ಕೆಡದಿರಲೆಂದು ಅದಕ್ಕೆ ಅಸಿಟೇಟ್ ಕಟ್ಟಿರುತ್ತಾರೆ. ಆ ಕಟ್ಟು ಬಿಚ್ಚಿಕೊಳ್ಳುವುದು ಕೋಳಿಯ ಕರುಳಿನಲ್ಲಿ, ಮೇದೋಜೀರಕದ ಕಿಣ್ವ ತಾಗಿದ ಮೇಲೆ. ಹಾಗಾಗಿ ಚೀಲದೊಳಗಿನ ಎಣ್ಣೆ ಕಮಟಾಗುವುದನ್ನು ಅದು ಒಂದಿಷ್ಟೂ ತಡೆಯದು. ಅದಕ್ಕೆ ಬಿಎಚ್‌ಟಿಯಂಥ ಬೇರೆ ನಿರೋಧಕವನ್ನು ಎಣ್ಣೆಗೆ ಮೊದಲೇ ಸೇರಿಸಿರಬೇಕು. ಸೇರಿಸದಿದ್ದರೆ, ತಗಡಿನ ಗೋದಾಮಿನಲ್ಲಿ ಮೂರು ವಾರ ಬೆಂದ ಫೀಡ್ ಕೋಳಿಗೆ ಪೆರಾಕ್ಸೈಡುಗಳನ್ನು ಉಣಿಸುತ್ತದೆ. ಬಂದ ವಿಟಮಿನ್ ಆ ಕೇಡನ್ನು ತೊಳೆಯುವುದರಲ್ಲೇ ಖರ್ಚಾಗುತ್ತದೆ. ಇನ್ನೊಂದು ಹೊಡೆತವೂ ಇದೆ. ವಿಟಮಿನ್ ಇ ರಕ್ತ ಸೇರಲು ಕೊಬ್ಬು ಬೇಕು, ಪಿತ್ತರಸ ಬೇಕು, ಆರೋಗ್ಯವಂತ ಕರುಳು ಬೇಕು. ಯಾರಿಗೆ ಅದು ಅತಿ ಹೆಚ್ಚು ಬೇಕೋ, ಆ ಕೆಟ್ಟ ಕರುಳಿನ ಕೋಳಿಯೇ ಅದನ್ನು ಅತಿ ಕಡಿಮೆ ಹೀರುತ್ತದೆ. ಕೋಳಿ ಸಾಯತೊಡಗಿದ ಮೇಲೆ ಬಾಟಲಿ ಹಿಡಿದು ಓಡುವುದರಲ್ಲಿ ಅರ್ಥ ಕಡಿಮೆ ಎನ್ನುವುದು ಈ ಕಾರಣಕ್ಕೆ.

ಖನಿಜಗಳಲ್ಲಿ ಸತುವಿಗೆ ಈ ಸೀಮೆಯಲ್ಲಿ ಬೇರೆಯೇ ಮಹತ್ವ. ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆಯ ಜೊತೆಗೂಡಿ ರಾಜ್ಯ ಸರ್ಕಾರ 2009ರಲ್ಲಿ ಶುರುಮಾಡಿದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳು ಕರ್ನಾಟಕದ ಮಳೆಯಾಶ್ರಿತ ಹೊಲಗಳಲ್ಲಿ ಸತು, ಬೋರಾನ್, ಗಂಧಕದ ಕೊರತೆ ವ್ಯಾಪಕವೆಂದು ತೋರಿಸಿದವು. ಮಣ್ಣಿನಲ್ಲಿ ಇಲ್ಲದ್ದು ಕಾಳಿನಲ್ಲೂ ಕಡಿಮೆ. ಕಾಳಿನಲ್ಲಿ ಇರುವಷ್ಟನ್ನೂ ಮೆಕ್ಕೆಜೋಳ, ಸೋಯಾಗಳ ಫೈಟೇಟ್ ಹಿಡಿದಿಟ್ಟುಕೊಳ್ಳುತ್ತದೆ. ಫೈಟೇಸ್ ಕಿಣ್ವ ಸೇರಿಸದ ಫೀಡಿನಲ್ಲಿ ಕೋಳಿಗೆ ದಕ್ಕುವುದು ಅದರ ಒಂದು ಪಾಲಷ್ಟೇ. ಕರುಳಿನ ಹೊಲಿಗೆ ಬಿಗಿಯಾಗಿರಲು ಸತು ಬೇಕೇ ಬೇಕು, ಆದ್ದರಿಂದ ಫೀಡಿಗೆ ಬೆರೆಸುವ ವಿಟಮಿನ್, ಖನಿಜಗಳ ಮಿಶ್ರಣವಾದ ಪ್ರಿಮಿಕ್ಸ್‌ನಲ್ಲಿ ಅದನ್ನು ಸೇರಿಸುವುದು ಸರಿ. ಆದರೆ ತಾಮ್ರ, ಕಬ್ಬಿಣದ ಸಲ್ಫೇಟುಗಳನ್ನೂ ತೇವ ಹೀರುವ ಕೋಲೀನ್ ಕ್ಲೋರೈಡನ್ನೂ ವಿಟಮಿನ್ನುಗಳ ಜೊತೆ ಒಂದೇ ಚೀಲದಲ್ಲಿ ತಿಂಗಳುಗಟ್ಟಲೆ ಇಟ್ಟರೆ ಆ ಲೋಹಗಳೇ ವಿಟಮಿನ್ನನ್ನು ಸುಡುತ್ತವೆ. ದೇಹದೊಳಗೆ ಕಾವಲುಗಾರನಾದ ತಾಮ್ರ ಚೀಲದೊಳಗೆ ಕಳ್ಳ.

ಅಮೈನೊ ಆಮ್ಲಗಳನ್ನು ಈ ಚರ್ಚೆಯಲ್ಲಿ ಯಾರೂ ಅಷ್ಟಾಗಿ ಎತ್ತುವುದಿಲ್ಲ. ಎತ್ತಬೇಕು. ಮೆಕ್ಕೆಜೋಳ–ಸೋಯಾ ಆಹಾರದಲ್ಲಿ ಮೊದಲು ಕೊರತೆ ಬೀಳುವುದು ಮೆಥಿಯೋನಿನ್. ದೇಹ ಅದರಿಂದ ಸಿಸ್ಟೀನ್ ಮಾಡಿಕೊಂಡು, ಸಿಸ್ಟೀನ್‌ನಿಂದ ಗ್ಲುಟಾಥಯೋನ್ ಕಟ್ಟುತ್ತದೆ. ಬೆಲೆ ಏರಿದಾಗ ಮೆಥಿಯೋನಿನ್ ಅನ್ನು ಒಂದಿಷ್ಟು ಕಡಿತ ಮಾಡಿದರೆ ಕಡಿತವಾಗುವುದು ಮಾಂಸ ಮಾತ್ರವಲ್ಲ, ಕಾವಲೂ ಹೌದು. ಕರುಳನ್ನು ಲೇಪಿಸಿರುವ ಲೋಳೆಯ ಪ್ರೋಟೀನಿಗೆ ಥ್ರಿಯೋನಿನ್ ಧಾರಾಳವಾಗಿ ಬೇಕು. ಗ್ಲುಟಮಿನ್ ಆ ಜೀವಕೋಶಗಳಿಗೆ ನೇರ ಇಂಧನ. ಬೀಟೇನ್ ಜೀವಕೋಶದ ನೀರನ್ನು ಹಿಡಿದಿಟ್ಟು ಬೇಗೆಯಲ್ಲಿ ನೆರವಾಗುತ್ತದೆ. ಇದರ ಬಗ್ಗೆ ಸಿಕ್ಕಿರುವ ಪುರಾವೆ ತಕ್ಕಮಟ್ಟಿನದು. ವಿಟಮಿನ್ ಸಿಯನ್ನು ಕೋಳಿ ತನ್ನ ಮೂತ್ರಪಿಂಡದಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ, ಆದರೆ ತೀವ್ರ ಬಿಸಿಲಲ್ಲಿ ತಯಾರಿ ಸಾಲದು. ಕಿಲೊಗೆ 200–250 ಮಿ.ಗ್ರಾಂ ಕೊಡುವ ರೂಢಿ ಅಲ್ಲಿಂದ ಬಂತು.

ಇನ್ನು ಅರಿಸಿನ, ಬೆಳ್ಳುಳ್ಳಿ, ಓಂಕಾಳು, ನುಗ್ಗೆಸೊಪ್ಪು. ಇವುಗಳ ಬಗ್ಗೆ ಪ್ರಬಂಧಗಳು ರಾಶಿ ಬಿದ್ದಿವೆ. ಅರಿಸಿನದ ಕುರ್ಕುಮಿನ್ ರಕ್ತಕ್ಕೆ ಸೇರುವುದು ಬಲು ಕಡಿಮೆ. ಕರುಳಿನ ಮಟ್ಟಿಗೆ ಅದು ಕುಂದೇನಲ್ಲ, ಕೆಲಸ ಮಾಡಬೇಕಾದ ಜಾಗದಲ್ಲೇ ಅದು ಉಳಿಯುತ್ತದೆ. ತೊಡಕು ಬೇರೆಡೆ ಇದೆ: ಒಂದು ಚೀಲದ ಪುಡಿಗೂ ಇನ್ನೊಂದರ ಪುಡಿಗೂ ಸತ್ವದಲ್ಲಿ ಅಜಗಜಾಂತರ. ನೂರು ಗ್ರಾಂ ಹಾಕಿ ಎನ್ನುವ ಸಲಹೆಗೆ ಯಾವ ಪುಡಿಯ ನೂರು ಗ್ರಾಂ ಎಂಬ ಪ್ರಶ್ನೆ ಹಿಂಬಾಲಿಸುತ್ತದೆ. ಮೊಟ್ಟೆಯ ಹಳದಿ ಗಾಢವಾಗಲು ಹಾಕುವ ಚೆಂಡುಹೂವಿನ ಬಣ್ಣವೂ ಒಂದು ನಿರೋಧಕವೇ. ಆದರೆ ಹಳದಿ ಗಾಢವಿದ್ದ ಮಾತ್ರಕ್ಕೆ ಕೋಳಿ ಆರೋಗ್ಯವಾಗಿತ್ತು ಎಂದು ಓದುವುದು ಹುಡುಗಾಟ.

ಕರುಳಿನ ಮಾತು ಇಷ್ಟು ದೊಡ್ಡ ವ್ಯಾಪಾರವಾಗಿದ್ದೇಕೆ? ದಶಕಗಳ ಕಾಲ ಆಹಾರಕ್ಕೆ ಚೂರು ಆ್ಯಂಟಿಬಯೋಟಿಕ್ ಬೆರೆಸಿ ಕರುಳಿನ ತಾಪತ್ರಯವನ್ನು ಮುಚ್ಚಿಡಲಾಗಿತ್ತು. ಐರೋಪ್ಯ ಒಕ್ಕೂಟ 2006ರ ಜನವರಿ 1ರಿಂದ ಬೆಳವಣಿಗೆಗಾಗಿ ಆ್ಯಂಟಿಬಯೋಟಿಕ್ ಬೆರೆಸುವುದನ್ನು ಪೂರ್ತಿ ನಿಲ್ಲಿಸಿತು. ಭಾರತ 2019ರ ಜುಲೈನಲ್ಲಿ ಕೊಲಿಸ್ಟಿನ್ ಅನ್ನು ಪಶುಗಳಿಗೆ, ಕೋಳಿಗೆ ಬಳಸದಂತೆ ನಿಷೇಧಿಸಿತು. ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಉಳಿದಿರುವ ಔಷಧಿ ಅದು, ನಿಷೇಧ ಬೇಕಾಗಿತ್ತು. ತೆರವಾದ ಜಾಗಕ್ಕೆ ಪ್ರೊಬಯೋಟಿಕ್, ಬ್ಯುಟಿರಿಕ್ ಆಮ್ಲ, ಯೀಸ್ಟ್ ಗೋಡೆ, ಗಿಡಮೂಲಿಕೆ ಎಲ್ಲವೂ ಒಟ್ಟಿಗೆ ನುಗ್ಗಿದವು. ಬ್ಯುಟಿರಿಕ್ ಆಮ್ಲ ಕರುಳಿನ ಪದರವನ್ನು ಪೋಷಿಸುತ್ತದೆ, ಅದರ ಪರ ಹೇಳಲು ಸಾಕಷ್ಟಿದೆ. ಉಳಿದವುಗಳಲ್ಲಿ ಕೆಲವು ಒಳ್ಳೆಯವು, ಕೆಲವು ಬರೀ ಡಬ್ಬ.

ಬೀದರ್ ಜಿಲ್ಲೆಯ ಮುಂಗಾರಿನಲ್ಲಿ ಸೋಯಾ ಅವರೆ ದೊಡ್ಡ ಬೆಳೆ. 2021ರಲ್ಲಿ ಸೋಯಾ ಹಿಂಡಿಯ ದರ ಗಗನಕ್ಕೇರಿದಾಗ ಕೋಳಿ ಉದ್ಯಮದ ಒತ್ತಾಯಕ್ಕೆ ಕೇಂದ್ರ ಸರ್ಕಾರ 12 ಲಕ್ಷ ಟನ್ ಹಿಂಡಿಯ ಆಮದಿಗೆ ಅನುಮತಿ ಕೊಟ್ಟಿತು. ಒಂದೇ ಊರಿನಲ್ಲಿ ಸೋಯಾ ಬೆಳೆದವನ ಮುಖ ಬಾಡಿತು, ಕೋಳಿ ಸಾಕಿದವನ ಮುಖ ಅರಳಿತು. ಮೆಕ್ಕೆಜೋಳದ್ದು ಈಗ ಇನ್ನೊಂದು ಬಗೆಯ ಕಥೆ. ಎಥೆನಾಲ್ ಕಾರ್ಖಾನೆಗಳು ಅದನ್ನು ಎಳೆದುಕೊಳ್ಳತೊಡಗಿದ ಮೇಲೆ ಅವುಗಳಿಂದ ಹೊರಬೀಳುವ ಡಿಡಿಜಿಎಸ್ ಎಂಬ ಒಣ ಗಷ್ಟು ಅಗ್ಗವಾಗಿ ಫೀಡ್ ಮಿಲ್ಲುಗಳಿಗೆ ಹರಿಯುತ್ತಿದೆ. ಪಿಷ್ಟ ಮದ್ಯಸಾರವಾಗಿ ಹೋಗುತ್ತದೆ. ಉಳಿದದ್ದೆಲ್ಲ ಸುಮಾರು ಮೂರು ಪಟ್ಟು ಸಾಂದ್ರವಾಗುತ್ತದೆ, ಬೂಸ್ಟಿನ ವಿಷವೂ ಸೇರಿ.

ಬೂಸ್ಟಿನ ವಿಷ ಎಂದೊಡನೆ 1960ರ ಇಂಗ್ಲೆಂಡ್ ನೆನಪಾಗಬೇಕು. ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ ತಿಂದು ಅಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತವು, ಅಫ್ಲಾಟಾಕ್ಸಿನ್ ಬೆಳಕಿಗೆ ಬಂದದ್ದು ಹಾಗೆ. ಭಾರತೀಯ ಮಾನಕ ಬ್ಯೂರೋ ಕೋಳಿ ಆಹಾರದಲ್ಲಿ ಅಫ್ಲಾಟಾಕ್ಸಿನ್ ಬಿ1 ಶತಕೋಟಿಯಲ್ಲಿ 20 ಪಾಲು ಮೀರಬಾರದೆನ್ನುತ್ತದೆ. ಈ ವಿಷ ಯಕೃತ್ತಿನಲ್ಲಿ ಉತ್ಕರ್ಷಣದ ಬೆಂಕಿ ಹಚ್ಚುತ್ತದೆ. ಟಿ-2, ಡಾನ್ ಮೊದಲಾದ ಬೇರೆ ಬೂಸ್ಟುವಿಷಗಳು ನೇರ ಕರುಳಿನ ಪದರವನ್ನೇ ಕೆರೆಯುತ್ತವೆ. ಅಕ್ಟೋಬರಿನ ಅಡ್ಡಮಳೆಗೆ ಸಿಕ್ಕಿ ಅರೆಬರೆ ಒಣಗಿದ ಮೆಕ್ಕೆಜೋಳವನ್ನು ಗೋಣಿಗೆ ತುಂಬಿಸಿ, ಅದರಿಂದ ಮಾಡಿದ ಫೀಡಿಗೆ ಮೇಲಿಂದ ಸೆಲೆನಿಯಂ ಯೀಸ್ಟ್ ಉದುರಿಸುವುದು ಒಂದು ಕೈಯಲ್ಲಿ ಬೆಂಕಿ, ಇನ್ನೊಂದರಲ್ಲಿ ತಂಬಿಗೆ ನೀರು ಹಿಡಿದಂತೆ. ನಮ್ಮ ಬಿಳಿಜೋಳ ಈ ಲೆಕ್ಕದಲ್ಲಿ ಕಡೆಗಣಿಸಿದ ಧಾನ್ಯ. ಅದರಲ್ಲಿ ಟ್ಯಾನಿನ್ ಕಡಿಮೆ, ಮೆಕ್ಕೆಜೋಳದ ಒಂದು ಭಾಗಕ್ಕೆ ಬದಲಾಗಿ ಚೆನ್ನಾಗಿ ಸಲ್ಲುತ್ತದೆ. ಹಳದಿ ಬಣ್ಣ ಕೊಡದು ಎಂಬುದು, ಹಿಂಗಾರಿ ಜೋಳದ ರೊಟ್ಟಿಗೇ ಒಳ್ಳೆಯ ದರ ಸಿಗುತ್ತದೆ ಎಂಬುದು ಅಡ್ಡಿ. ಎರಡನೆಯದಕ್ಕೆ ನಾನು ಯಾರನ್ನೂ ದೂರಲಾರೆ.

ಕಾಕ್ಸಿಡಿಯಾ ರೋಗವನ್ನು ಬಿಟ್ಟು ಕರುಳಿನ ಮಾತು ಮುಗಿಯದು. ಐಮೇರಿಯಾ ಎಂಬ ಪರೋಪಜೀವಿ ಕರುಳಿನ ಜೀವಕೋಶದೊಳಗೆ ಹೊಕ್ಕು ಅದನ್ನು ಒಡೆದುಕೊಂಡು ಹೊರಬರುತ್ತದೆ. ರಕ್ತಮಿಶ್ರಿತ ಹಿಕ್ಕೆ ಕಂಡವರಿಗೆ ಟೆನೆಲ್ಲಾ ಪ್ರಭೇದ ಪರಿಚಿತ. ಹಾಳಾದ ಜಾಗಕ್ಕೆ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ ಬಂದು ಕೂರುತ್ತದೆ. ವಿಟಮಿನ್ ಇ, ಸತು, ಬೀಟೇನ್ ಇಲ್ಲಿ ಹಾನಿಯನ್ನು ತಗ್ಗಿಸುತ್ತವೆ, ಪರೋಪಜೀವಿಯನ್ನು ಕೊಲ್ಲುವುದಿಲ್ಲ. ಜೂನ್ ಮಳೆ ಬಿದ್ದು ಹಾಸಿನ ಹೊಟ್ಟು ತೇವವಾದಾಗ ಐಮೇರಿಯಾದ ಮೊಟ್ಟೆಗಳು ಒಂದೆರಡು ದಿನದಲ್ಲಿ ಸೋಂಕಿಗೆ ಸಿದ್ಧವಾಗುತ್ತವೆ. ಹಾಸು ಒಣಗಿಸುವ ಕೈಕೆಲಸವನ್ನು ಯಾವ ಪುಡಿಯೂ ಮಾಡಿಕೊಡದು.

ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯಂಥ ದಾರಿಗಳ ಆಸುಪಾಸಿನಲ್ಲಿ ಬ್ರಾಯ್ಲರ್ ಸಾಕಣೆ ಬೆಳೆದದ್ದು ಬಹುಮಟ್ಟಿಗೆ ಕಾಂಟ್ರ್ಯಾಕ್ಟ್ ಪದ್ಧತಿಯ ಮೇಲೆ. ಮರಿ ಕಂಪನಿಯದು, ಫೀಡ್ ಕಂಪನಿಯದು, ಔಷಧಿ ಕಂಪನಿಯದು. ಶೆಡ್ಡು, ಕರೆಂಟು, ನೀರು, ದುಡಿಮೆ ರೈತನವು. ಕಿಲೊಗಿಷ್ಟು ಎಂದು ಸಾಕಿದ ಕೂಲಿ ಅವನಿಗೆ. ಚೀಲದಲ್ಲಿ ವಿಟಮಿನ್ ಇ 30 ಘಟಕ ಇದೆಯೋ 80 ಇದೆಯೋ ಅವನಿಗೆ ತಿಳಿಯದು, ಕೇಳುವ ಅಧಿಕಾರವೂ ಇಲ್ಲ. ಹಾಗಿದ್ದೂ ಪೋಷಕಾಂಶಗಳ ಬಗ್ಗೆ ಬರುವ ಲೇಖನಗಳೆಲ್ಲ ರೈತ ಏನು ಸೇರಿಸಬೇಕು ಎಂದೇ ಬೋಧಿಸುತ್ತವೆ. ಅವನ ಕೈಯಲ್ಲಿ ನಿಜವಾಗಿ ಇರುವುದು ಬೇರೆ. ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗಿಸದೆ ನೆರಳಲ್ಲಿ ಇಡುವುದು, ಹಳೆಯದನ್ನು ಮೊದಲು ತೆರೆಯುವುದು. ಬೆಳಗಿನ ಹತ್ತರ ಹೊತ್ತಿಗೆ ಫೀಡ್ ಎತ್ತಿ ಸಂಜೆ ತಂಪಾದ ಮೇಲೆ ಕೊಡುವುದು. ಅರಗಿಸುವ ಕೆಲಸವೂ ಮೈಗೆ ಬಿಸಿ ಸೇರಿಸುತ್ತದೆ. ತೀರ ಹೆಚ್ಚು ಹೊತ್ತು ಹಸಿದರೆ ಕರುಳೇ ಸೊರಗುವುದರಿಂದ ಇದರಲ್ಲೂ ಅತಿ ಸಲ್ಲದು.

ನೀರಿನ ವಿಷಯಕ್ಕೆ ಇನ್ನಷ್ಟು ಜಾಗ ಕೊಡಬೇಕು. ಬಿಸಿಲಿಗೆ ಬಿಟ್ಟ ಕಪ್ಪು ಸಿಂಟೆಕ್ಸ್ ಟ್ಯಾಂಕಿನ ನೀರು ಮಧ್ಯಾಹ್ನ ಮುಟ್ಟಲಾಗದಷ್ಟು ಕಾದಿರುತ್ತದೆ. ಏದುಸಿರಿನಲ್ಲಿ ನೀರು ಕಳೆದುಕೊಳ್ಳುತ್ತಿರುವ ಕೋಳಿ ಅಂಥ ನೀರನ್ನು ಕುಡಿಯದು. ಟ್ಯಾಂಕಿಗೆ ಒದ್ದೆ ಗೋಣಿ ಸುತ್ತುವುದು, ಪೈಪಿನೊಳಗೆ ನಿಂತ ನೀರನ್ನು ಮಧ್ಯಾಹ್ನ ಒಂದೆರಡು ಸಲ ಹೊರಬಿಡುವುದು ಖರ್ಚಿಲ್ಲದ ಕೆಲಸಗಳು. ಕ್ಲೋರಿನ್ ಹಾಕಿದ ನೀರಿಗೇ ವಿಟಮಿನ್ ಸಿ ಕದಡುವ ರೂಢಿ ಹಲವೆಡೆ ಇದೆ. ಕ್ಲೋರಿನ್ ಸ್ವತಃ ಉತ್ಕರ್ಷಣಕಾರಿ, ವಿಟಮಿನ್ ಕೋಳಿಯ ಬಾಯಿ ಸೇರುವ ಮೊದಲೇ ಟ್ಯಾಂಕಿನಲ್ಲಿ ತೀರಿಹೋಗುತ್ತದೆ. ವಿಟಮಿನ್ ಕೊಡುವ ಹೊತ್ತಿಗೆ ಕ್ಲೋರಿನ್ ನಿಲ್ಲಿಸಬೇಕು. ಕರಾವಳಿಗಿಲ್ಲದ ಒಂದು ಅನುಕೂಲ ಬೀದರ್ ಸೀಮೆಗಿದೆ: ಇಲ್ಲಿ ಬೇಸಿಗೆಯ ಗಾಳಿ ಒಣಗಾಳಿ. ಫಾಗರ್ ತುಂತುರು, ಒದ್ದೆ ಗೋಣಿಯ ಪರದೆ ಏಪ್ರಿಲ್‌ನಲ್ಲಿ ಶೆಡ್ಡನ್ನು ಚೆನ್ನಾಗಿಯೇ ತಂಪಾಗಿಸುತ್ತವೆ. ಜೂನ್ ಹತ್ತಿರವಾಗಿ ಗಾಳಿಯಲ್ಲಿ ತೇವ ಏರಿದ ಮೇಲೆ ಅದೇ ಫಾಗರ್ ಹಾಸನ್ನು ಒದ್ದೆ ಮಾಡುವುದಕ್ಕಷ್ಟೇ ಲಾಯಕ್ಕು. ತಗಡಿಗೆ ಸುಣ್ಣ ಬಳಿದು ಶೆಡ್ಡಿನೊಳಗೆ ನಾಲ್ಕೈದು ಡಿಗ್ರಿ ಇಳಿಸಿದರೆ, ಅದು ಕರುಳಿಗೆ ಮಾಡುವ ಉಪಕಾರ ಯಾವ ಪ್ರಿಮಿಕ್ಸ್ ಮಾಡುವ ಉಪಕಾರಕ್ಕೂ ಕಡಿಮೆಯಲ್ಲ.

ಹಾಗಾದರೆ ಇಷ್ಟೊಂದು ಸಂಶೋಧನೆಗಳು ಏನು ಹೇಳುತ್ತವೆ? ಅವುಗಳನ್ನು ಓದುವಾಗ ಎರಡು ಸಂಗತಿ ನೋಡಬೇಕು. ಪರೀಕ್ಷೆಗೆ ಇಟ್ಟ ಮೂಲ ಆಹಾರದಲ್ಲಿ ಆ ಪೋಷಕಾಂಶ ಮೊದಲೇ ಎಷ್ಟಿತ್ತು ಎಂಬುದು ಒಂದು. ಕೊರತೆಯಿದ್ದ ಆಹಾರಕ್ಕೆ ಸತು ಸೇರಿಸಿದರೆ ಫಲ ಕಾಣದೆ ಇದ್ದೀತೆ? ತುಂಬಿದ ಆಹಾರಕ್ಕೆ ಮೇಲೆ ಸುರಿದಾಗ ಫಲ ಬಹಳ ಸಣ್ಣದು. ಅಳೆದದ್ದು ಏನನ್ನು ಎಂಬುದು ಇನ್ನೊಂದು. ಕೆಟ್ಟ ಕೊಬ್ಬಿನ ಗುರುತಾದ ಮ್ಯಾಲಾನ್‌ಡೈಆಲ್ಡಿಹೈಡ್ ರಕ್ತದಲ್ಲಿ ಇಳಿಯಿತು, ಕಿಣ್ವಗಳು ಏರಿದವು, ವಿಲ್ಲಸ್ ಉದ್ದವಾಯಿತು ಎಂಬ ಫಲಿತಾಂಶ ಬಹುತೇಕ ಪ್ರಬಂಧಗಳಲ್ಲಿದೆ. ತೂಕ ಏರಿತೇ, ಸಾವು ಇಳಿಯಿತೇ ಎಂದು ಹುಡುಕಿದರೆ ಉತ್ತರ ಅಷ್ಟು ಒಮ್ಮತದ್ದಲ್ಲ. ಕೆಲವು ನೂರು ಕೋಳಿಗಳನ್ನು ನಿಯಂತ್ರಿತ ಕೋಣೆಯಲ್ಲಿ ದಿನಕ್ಕಿಷ್ಟು ಗಂಟೆ ಬಿಸಿಗಿಟ್ಟು ಮಾಡಿದ ಪರೀಕ್ಷೆಯನ್ನು ಐದು ಸಾವಿರ ಕೋಳಿಯ ತೆರೆದ ಶೆಡ್ಡಿಗೆ ಹಾಗೆಯೇ ಹೊಂದಿಸಲಾಗದು. ಮೂಲ ಫೀಡಿನಲ್ಲೇ ವಿಟಮಿನ್ ಇ, ಸೆಲೆನಿಯಂ, ಸತು, ಮ್ಯಾಂಗನೀಸ್, ಮೆಥಿಯೋನಿನ್ ಸರಿಯಾಗಿರಬೇಕು, ಬೇಸಿಗೆಗೆ ಮುಂಚೆಯೇ ಅವನ್ನು ಏರಿಸಿರಬೇಕು ಎಂಬಷ್ಟಕ್ಕೆ ಪುರಾವೆ ಗಟ್ಟಿಯಿದೆ ಎಂದು ನಾನು ತಿಳಿಯುತ್ತೇನೆ. ವಿಟಮಿನ್ ಸಿ, ಬೀಟೇನ್‌ಗಳಿಗೆ ಬಿಸಿಲಿನ ವಾರಗಳಲ್ಲಿ ಜಾಗವಿದೆ. ಉಳಿದವುಗಳಿಗೆ ದುಡ್ಡು ಮಿಕ್ಕಿದ್ದರೆ ಆಯಿತು.

ಪೋಷಕಾಂಶಗಳ ಮಿತಿಯನ್ನು ಹುಮನಾಬಾದಿನವರು ಬೇರೆ ರೀತಿಯಲ್ಲೂ ಕಂಡಿದ್ದಾರೆ. 2016ರ ಮೇ ತಿಂಗಳಲ್ಲಿ ಈ ತಾಲ್ಲೂಕಿನ ಫಾರಂ ಒಂದರಲ್ಲಿ ಹಕ್ಕಿಜ್ವರ ದೃಢಪಟ್ಟು ಲಕ್ಷಕ್ಕೂ ಮಿಕ್ಕಿ ಕೋಳಿಗಳನ್ನು ನಾಶಮಾಡಬೇಕಾಯಿತು. ಮೇ ತಿಂಗಳಲ್ಲಿ ಕೋಳಿ ಸತ್ತರೆ ಯಾರೇ ಆದರೂ ಮೊದಲು ದೂರುವುದು ಬಿಸಿಲನ್ನು. ಬಿಸಿಲಿನ ಸಾವು ಮಧ್ಯಾಹ್ನದಿಂದ ಸಂಜೆಯೊಳಗೆ, ಹೆಚ್ಚಾಗಿ ದೊಡ್ಡ ಕೋಳಿಗಳಲ್ಲಿ ಬೀಳುತ್ತದೆ, ತಂಪಾದೊಡನೆ ನಿಲ್ಲುತ್ತದೆ. ರಾತ್ರಿಯೂ ಮುಂದುವರಿದರೆ, ಜುಟ್ಟು ನೀಲಿಯಾದರೆ, ದಿನದಿಂದ ದಿನಕ್ಕೆ ಸಂಖ್ಯೆ ಏರಿದರೆ ವಿಟಮಿನ್ ಡಬ್ಬ ಬದಿಗಿಟ್ಟು ಪಶುವೈದ್ಯರನ್ನು ಕರೆಯಬೇಕು. ಗಟ್ಟಿ ಕರುಳು ವೈರಸ್ಸನ್ನು ತಡೆಯುವ ಗೋಡೆಯಲ್ಲ.

ಹುಮನಾಬಾದಿನಿಂದ ಸುಮಾರು 50 ಕಿ.ಮೀ. ದೂರದ ಬೀದರ್‌ನಲ್ಲಿ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಇನ್ನೊಂದು ದಿಕ್ಕಿಗೆ ಹೆದ್ದಾರಿ ಹಿಡಿದರೆ ಹೈದರಾಬಾದಿನ ರಾಜೇಂದ್ರನಗರದಲ್ಲಿ ವನರಾಜ, ಗ್ರಾಮಪ್ರಿಯ ತಳಿಗಳನ್ನು ಕೊಟ್ಟ ಕೋಳಿ ಸಂಶೋಧನಾ ನಿರ್ದೇಶನಾಲಯವಿದೆ. ಹುಮನಾಬಾದ್, ಬಸವಕಲ್ಯಾಣ ತಾಲ್ಲೂಕುಗಳ ಶೆಡ್ಡುಗಳಿಗೆ ಬರುವ ಫೀಡಿನ ಮಾದರಿಯನ್ನು ಮಾರ್ಚ್‌ನಿಂದ ಜೂನ್‌ವರೆಗೆ ತಿಂಗಳಿಗೊಮ್ಮೆ ಎತ್ತಿ, ಚೀಲ ತೆರೆದ ದಿನ ಅದರ ಎಣ್ಣೆ ಎಷ್ಟು ಕೆಟ್ಟಿದೆ, ಅಫ್ಲಾಟಾಕ್ಸಿನ್ ಎಷ್ಟಿದೆ, ಚೀಟಿಯಲ್ಲಿ ಬರೆದ ವಿಟಮಿನ್ ಇಯಲ್ಲಿ ಎಷ್ಟು ಉಳಿದಿದೆ ಎಂದು ಅಳೆದು ಫಲಿತಾಂಶವನ್ನು ಕನ್ನಡದಲ್ಲಿ ಊರ ಪಶುಚಿಕಿತ್ಸಾಲಯದ ಗೋಡೆಗೆ ಅಂಟಿಸಲು ದೊಡ್ಡ ಯೋಜನೆ ಬೇಡ. ಕೂಲಿಯ ಲೆಕ್ಕ ಮಾಡುವ ದಿನ, ತೂಕ ಯಾಕೆ ಬರಲಿಲ್ಲ ಎಂದು ಸೂಪರ್‌ವೈಸರ್ ಕೇಳಿದರೆ, ತೋರಿಸಲು ಸಾಕಿದವನ ಕೈಯಲ್ಲೂ ಒಂದು ಕಾಗದ ಇರುತ್ತದೆ.